ಬೆಂಕಿ ಹಚ್ಚಿದವರು ಯಾರು?

ಶಿವರಾತ್ರಿ ದಾಟಿತೆಂದರೆ ಬೀದರ ಸೀಮೆಯ ಅಡವಿಗಳು ಕರಡದ ಬಣವೆಯಂತೆ ಒಣಗಿ ನಿಲ್ಲುತ್ತವೆ. ಹೊನ್ನಿಕೇರಿಯ ಕಡೆ, ಶಹಾಪುರದ ಕಡೆ ಒಂದು ಕಿಡಿ ಬಿದ್ದರೆ ಸಾಕು. ರಾತ್ರಿಯೆಲ್ಲ ಉರಿದದ್ದರ ಹೊಗೆ ಬೆಳಗಿನ ಹೊತ್ತಿಗೆ ಊರೊಳಗೆ ಇಳಿಯುತ್ತದೆ. ಊರು ಕೆಮ್ಮುತ್ತದೆ. ಕಿಟಕಿ ಮುಚ್ಚುತ್ತದೆ. ಮಧ್ಯಾಹ್ನದೊಳಗೆ ಅಪರಾಧಿಯೂ ಸಿಕ್ಕಿರುತ್ತಾನೆ. ಕುರಿ ಕಾಯುವವ ಹೊಸ ಹುಲ್ಲು ಬರಲೆಂದು ಹಚ್ಚಿದ. ಕಟಗಿಗೆ ಹೋದ ಹೆಂಗಸರು ಹಚ್ಚಿದರು. ತಾಂಡಾದವನು ಬೀಡಿ ಸೇದಿ ಎಸೆದ. ಚಹಾದಂಗಡಿಯಲ್ಲೇ ದಾವೆ, ಚಹಾದಂಗಡಿಯಲ್ಲೇ ತೀರ್ಪು.

"ನಿಮ್ಮ ಮಂದೀನೇ ಹಚ್ಚಿರ್ತಾರ ಬಿಡ್ರಿ, ಅವ್ರಿಗೇನ್ ತಿಳೀತದ" ಎಂದು ನಮ್ಮ ಮುಖಕ್ಕೇ ಹೇಳುವ ವಿದ್ಯಾವಂತರಿದ್ದಾರೆ. ಈ ಮಾತಿನ ಬಗ್ಗೆ ನಮ್ಮ ತಕರಾರಿದೆ. ಅದು ಬರೀ ಮಾನದ ಪ್ರಶ್ನೆಯಾಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆವು. ಇಂಥ ಎಷ್ಟು ಮಾತು ನುಂಗಿಲ್ಲ ನಾವು! ಆದರೆ ಈ ಮಾತಿನ ಬೆನ್ನಿಗೆ ಬೇಲಿ ಬರುತ್ತದೆ, ಬೇಲಿಯ ಬೆನ್ನಿಗೆ ಮೊಕದ್ದಮೆ ಬರುತ್ತದೆ. ಹೊಗೆಯ ನೆಪದಲ್ಲಿ ಅಡವಿಯ ಬಾಗಿಲನ್ನು ನಮ್ಮ ಪಾಲಿಗೆ ಮುಚ್ಚುವ ಹುನ್ನಾರ ನಡೆದಿರುವಾಗ ಸುಮ್ಮನಿರುವುದು ದ್ರೋಹ.

ಸುಳ್ಳು ಹೇಳಿ ಗೆಲ್ಲುವುದು ನಮಗೆ ಬೇಕಿಲ್ಲ. ನಮ್ಮ ಕಡೆಯಂಥ ಎಲೆ ಉದುರುವ ಒಣ ಅಡವಿಯಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ. ಬಿದಿರಿಗೆ ಬಿದಿರು ತಿಕ್ಕಿ ಕಿಡಿ ಹುಟ್ಟುತ್ತದೆ ಎನ್ನುವುದು ಶಾಲೆಯ ಪಾಠಕ್ಕೆ ಸರಿ. ಹಚ್ಚುವುದು ಮನುಷ್ಯರೇ. ಹೊಲದ ಬದು ಸುಡಲು ಹೋಗಿ ಅಡವಿಗೆ ಹತ್ತಿಸಿದ ಜಮೀನ್ದಾರ ಮನುಷ್ಯನೇ. ಕಾರು ನಿಲ್ಲಿಸಿ ಪಾರ್ಟಿ ಮಾಡಿ ಸಿಗರೇಟು ಎಸೆದು ಹೋದ ಪೇಟೆಯ ಹುಡುಗನೂ ಮನುಷ್ಯನೇ. ಕುರಿಗಾಹಿಯೂ ಕೆಲವೊಮ್ಮೆ ಹಚ್ಚುತ್ತಾನೆ, ಇಲ್ಲವೆನ್ನುವುದಿಲ್ಲ. ಪ್ರಶ್ನೆ ಬೇರೆ ಇದೆ. ಇಷ್ಟು ಜನ ಮನುಷ್ಯರಲ್ಲಿ ಹೆಸರು ಕೇಳಿಬರುವುದು ಯಾವಾಗಲೂ ಕುರಿಗಾಹಿಯದೇ ಯಾಕೆ? ಈಗ ಆಕಾಶದಲ್ಲಿ ಉಪಗ್ರಹಗಳಿವೆ. 375 ಮೀಟರ್ ಅಳತೆಯ ಚೌಕದಲ್ಲಿ ಬೆಂಕಿ ಎದ್ದರೆ ಗುರುತಿಸಿ, ಡೆಹರಾಡೂನಿನ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಇಲ್ಲಿಯ ಅಧಿಕಾರಿಯ ಮೊಬೈಲಿಗೆ ಸಂದೇಶ ಬರುತ್ತದೆ. ಒಳ್ಳೆಯ ವಿದ್ಯೆ. ಆದರೆ ಉಪಗ್ರಹಕ್ಕೆ ಬೆಂಕಿ ಕಾಣುತ್ತದೆ, ಹಚ್ಚಿದ ಕೈ ಕಾಣುವುದಿಲ್ಲ. ಆ ಕೈಯನ್ನು ಕಾಣಿಸಿಕೊಡುವುದು ಜಾತಿಯ ಕಣ್ಣು.

ಕಿಡಿಯ ವಿಚಾರ ಬಿಟ್ಟು ಉರುವಲಿನ ವಿಚಾರಕ್ಕೆ ಬನ್ನಿ. ಕಿಡಿ ಎಲ್ಲಿ ಬಿದ್ದರೂ ಹತ್ತಬೇಕಾದರೆ ಒಣಗಿದ್ದು ಇರಬೇಕು. ಆಳೆತ್ತರ ಹುಲ್ಲು ಅಡವಿಯಲ್ಲಿ ಒಣಗಿ ನಿಂತದ್ದು ಯಾಕೆ? ಅದನ್ನು ಮೇಯಬೇಕಾದ ದನ ಒಳಗೆ ಹೋಗದಂತೆ ಮಾಡಿದ್ದಕ್ಕೆ. ಹಿಂದೆ ನಮ್ಮ ಊರುಗಳಿಗೆ ಗಾಯರಾಣವಿತ್ತು. ಒಂದಿಷ್ಟು ಗೌಡ-ದೇಸಾಯಿಗಳ ಹೊಲಕ್ಕೆ ಸೇರಿತು, ಒಂದಿಷ್ಟು ಸರ್ಕಾರಿ ಕಟ್ಟಡಕ್ಕೆ ಹೋಯಿತು, ಉಳಿದದ್ದರಲ್ಲಿ ಅರಣ್ಯ ಇಲಾಖೆ ಸಾಲು ಹಿಡಿದು ಸಸಿ ನೆಟ್ಟಿತು. ಯಾವ ಸಸಿ? ದನ ಮೂಸಿಯೂ ನೋಡದ ನೀಲಗಿರಿ, ಅಕೇಶಿಯಾ. ನೀಲಗಿರಿಯ ಎಲೆಯಲ್ಲಿ ಎಣ್ಣೆಯಿದೆ; ಬಿದ್ದದ್ದು ಬೇಗ ಕೊಳೆಯುವುದಿಲ್ಲ, ಹತ್ತಿದ್ದು ಬೇಗ ಆರುವುದಿಲ್ಲ.

ಈ ಮಾತನ್ನು ನಾವು ಇವತ್ತು ಹೇಳುತ್ತಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತರು. 1984ರಲ್ಲಿ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಸರ್ಕಾರವೇ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿ ಹುಟ್ಟುಹಾಕಿ, 30,000 ಹೆಕ್ಟೇರ್ ಜನರ ನೆಲವನ್ನು ಕಾಗದದ ಮರಕ್ಕೆ ಕೊಡಲು ಹೊರಟಾಗ, 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ಜನ 'ಕಿತ್ತಿಕೋ-ಹಚ್ಚಿಕೋ' ಎಂದು ಸತ್ಯಾಗ್ರಹ ಹೂಡಿದರು. ನೀಲಗಿರಿ ಕಿತ್ತು, ಜನಕ್ಕೆ ಬೇಕಾದ ಹಣ್ಣು-ಮೇವಿನ ಗಿಡ ಹಚ್ಚಿದರು. ಆ ಕಂಪನಿ ಕೊನೆಗೆ ಬಾಗಿಲು ಹಾಕಿತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರಕ್ಕೆ ಬುದ್ಧಿ ಬಂದದ್ದು 2017ರಲ್ಲಿ. ಮೂವತ್ತು ವರ್ಷ ತಡ. 'ಹಚ್ಚು' ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥವಿದೆ, ಗಿಡ ಹಚ್ಚುವುದು ಮತ್ತು ಬೆಂಕಿ ಹಚ್ಚುವುದು. ಗಿಡ ಹಚ್ಚಿದವರ ಹೆಸರು ಮರೆತ ಸರ್ಕಾರಕ್ಕೆ ಬೆಂಕಿ ಹಚ್ಚಿದವರ ಹೆಸರು ಮಾತ್ರ ಬಾಯಿಪಾಠ.

ಈಗ ಹತ್ತಿರದ ಸಂಗತಿ. ಭಾಲ್ಕಿಯ ಶಾಸಕರಾದ ಈಶ್ವರ ಖಂಡ್ರೆಯವರು 2023ರ ಮೇ ತಿಂಗಳಲ್ಲಿ ರಾಜ್ಯದ ಅರಣ್ಯ ಮತ್ತು ಪರಿಸರ ಮಂತ್ರಿಯಾದರು. ಬಯಲುಸೀಮೆಯ, ಅದರಲ್ಲೂ ಅಡವಿಯೇ ಕಡಿಮೆಯಿರುವ ಜಿಲ್ಲೆಯವರ ಕೈಗೆ ಅರಣ್ಯ ಖಾತೆ ಬಂತೆಂದು ನಮ್ಮಲ್ಲೂ ಕೆಲವರು ಖುಷಿಪಟ್ಟದ್ದುಂಟು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಅಡವಿಯಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಸತ್ತವು. ಅದು ಘೋರ, ನಮಗೂ ಸಂಕಟವಾಯಿತು. ಮುಂದಿನ ತಿಂಗಳೇ ಮಂತ್ರಿಗಳಿಂದ ಸೂಚನೆ ಹೊರಟಿತು: ಕಾಡಿನಲ್ಲಿ ದನ, ಕುರಿ, ಮೇಕೆ ಮೇಯಿಸುವುದನ್ನು ನಿಷೇಧಿಸಬೇಕು. ಚಾಮರಾಜನಗರದಲ್ಲಿ ವಿಷವಿಕ್ಕಿದವನಿಗೂ ಔರಾದ ತಾಲ್ಲೂಕಿನ ತಾಂಡಾದಲ್ಲಿ ನಾಲ್ಕು ಮೇಕೆ ಇಟ್ಟುಕೊಂಡ ವಿಧವೆಗೂ ಏನು ಸಂಬಂಧ ಎಂದು ಕೇಳಬೇಕಿದ್ದವರು ಯಾರು? ಔರಾದ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಮೀಸಲು ಕ್ಷೇತ್ರದ ಮೇಕೆಗೂ ಮೇವಿನ ಮೀಸಲಾತಿ ಇಲ್ಲ.

ಮೇಕೆ ಅಡವಿಯನ್ನು ತಿಂದು ಹಾಕುತ್ತದೆ ಎನ್ನುವವರ ಮಾತಿನಲ್ಲಿ ಸ್ವಲ್ಪ ನಿಜವಿದೆ. ಎಳೆ ಸಸಿ ನೆಟ್ಟಲ್ಲಿ ಮೇಕೆ ಬಿಡಬಾರದು, ಅದನ್ನು ಕುರುಬರ ಮುದುಕರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಮಳೆಗಾಲ ಮುಗಿದ ಮೇಲೆ ಬಲಿತ ಅಡವಿಯ ಹುಲ್ಲನ್ನು ದನ ಮೇಯದಿದ್ದರೆ, ಹೆಂಗಸರು ಕೊಯ್ದು ತರದಿದ್ದರೆ, ಆ ಹುಲ್ಲು ಎಲ್ಲಿಗೆ ಹೋಗುತ್ತದೆ? ಒಣಗಿ ಅಲ್ಲೇ ನಿಲ್ಲುತ್ತದೆ. ಫೆಬ್ರವರಿಗೆ ಅದೇ ಉರುವಲು. ಉದುರಿದ ಪುಳ್ಳೆ-ಕಟಗಿ ಆಯಲು ಬಿಡದಿದ್ದರೆ ಅದೂ ಉರುವಲು. ಹುಲ್ಲಿಗೆ ಬೇಲಿ ಹಾಕಿ, ಕಿಡಿಗೆ ಬೇಲಿ ಹಾಕಲಾಗದೆ, ಕೊನೆಗೆ ಹೊಗೆ ಬಂತೆಂದು ಅಳುವುದು ಯಾವ ಸೀಮೆಯ ಶಾಣ್ಯಾತನ?

ಊರಿನ ಮೇಲೆ ಕವಿಯುವ ಹೊಗೆಯೆಲ್ಲ ಅಡವಿಯದೇ ಎಂಬುದೂ ಒಪ್ಪುವ ಮಾತಲ್ಲ. ರಾಜ್ಯದಲ್ಲೇ ಹೆಚ್ಚು ಚಳಿ ಬೀಳುವ ಊರುಗಳಲ್ಲಿ ಬೀದರ ಒಂದು. ಡಿಸೆಂಬರ್-ಜನವರಿಯ ನಸುಕಿನಲ್ಲಿ ನೆಲದ ಗಾಳಿ ತಣ್ಣಗಾಗಿ ಭಾರವಾಗಿ ಕೂಡುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತು ಹೊಗೆ ಮೇಲೇರಲು ಬಿಡುವುದಿಲ್ಲ. ಆಗ ಅಡವಿಗೆ ಬೆಂಕಿ ಬೀಳುವ ಕಾಲವೂ ಅಲ್ಲ. ಮತ್ತೆ ಆ ಹೊಗೆ ಎಲ್ಲಿಯದು? ಕಬ್ಬು ಕಡಿದ ಹೊಲದಲ್ಲಿ ರವದಿ ಸುಡುತ್ತಾರೆ. ಇಟ್ಟಂಗಿ ಭಟ್ಟಿ ಉರಿಯುತ್ತವೆ. ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಕಾರ್ಖಾನೆಗಳ ಚಿಮಣಿಗಳಿವೆ. ಆ ಸುತ್ತಿನ ಹಳ್ಳಿಯ ಜನ ನಾತದ ಬಗ್ಗೆ ದೂರಿಕೊಳ್ಳುವುದು ಹೊಸ ಸುದ್ದಿಯಲ್ಲ. ಕಸದ ರಾಶಿ ಹೊಗೆಯಾಡುತ್ತದೆ. ಇವೆಲ್ಲ ಸೇರಿ ಒಂದೇ ಹೊಗೆಯಾಗಿ ಬಂದಾಗ, ಮಾಲೀಕರಿರುವ ಹೊಗೆಗಳ ಹೆಸರು ಬಿಟ್ಟುಹೋಗಿ, ಮಾಲೀಕರಿಲ್ಲದ ಹೊಗೆಯ ಹೆಸರೊಂದೇ ಉಳಿಯುತ್ತದೆ.

ರವದಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಭಾಲ್ಕಿ ತಾಲ್ಲೂಕಿನ ಹುಣಜಿಯ ಕಾರ್ಖಾನೆ, ಇಮಾಂಪುರದ ನಾರಂಜಾ ಕಾರ್ಖಾನೆ ನುರಿಸಲು ಶುರುಮಾಡಿದವೆಂದರೆ ಹೊಲಗಳಲ್ಲಿ ಕಬ್ಬಿನ ಗ್ಯಾಂಗು ಇಳಿಯುತ್ತವೆ. ಗ್ಯಾಂಗಿನಲ್ಲಿರುವವರು ಯಾರು? ತಾಂಡಾದವರು, ಮಾದಿಗ-ಹೊಲೆಯರ ಓಣಿಯವರು, ಗಡಿಯಾಚೆ ಮಹಾರಾಷ್ಟ್ರದ ಬಡವರು. ನಮ್ಮ ಔರಾದದ ಮಂದಿ ಇನ್ನೆಲ್ಲಿಗೋ ಗಂಟುಮೂಟೆ ಕಟ್ಟಿಕೊಂಡು ಕಡಿಯಲು ಹೋಗಿರುತ್ತಾರೆ. ಮುಕಾದಮ ಮುಂಗಡ ಕೊಟ್ಟು ಗಂಡ-ಹೆಂಡತಿಯನ್ನು ಒಂದು ಕುಡುಗೋಲಿನ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಕೂಲಿ ಟನ್ನಿನ ಮೇಲೆ. ನಿಂತ ಕಬ್ಬಿಗೆ ಬೆಂಕಿ ಕೊಟ್ಟರೆ ಗರಿ ಸುಟ್ಟು ಕಡಿಯುವುದು ಸಲೀಸು, ಹಾವು-ಚೇಳಿನ ಭಯವಿಲ್ಲ, ದಿನಕ್ಕೆ ಒಂದಿಷ್ಟು ಹೆಚ್ಚು ಟನ್ನು. ಹೊಲದ ಧಣಿಗೂ ಬೇಗ ಹೊಲ ಖಾಲಿಯಾಗಬೇಕು. ಕಡ್ಡಿ ಗೀರಿದವನ ಕೈ ನಮ್ಮದೇ ಇರಬಹುದು; ಟನ್ನಿನ ಲೆಕ್ಕ ಕಟ್ಟಿದ ಕೈ ನಮ್ಮದಲ್ಲ. ಮಸಿ ಮೆತ್ತಿಕೊಂಡು ಆ ಸುಟ್ಟ ಕಬ್ಬನ್ನು ಹೊತ್ತು ಗಾಡಿಗೆ ಹೇರುವ ಬಾಣಂತಿಯ ಎದೆಯೊಳಗೆ ಎಷ್ಟು ಹೊಗೆ ಹೋಯಿತೆಂದು ಯಾವ ಪರಿಸರವಾದಿಯೂ ಅಳೆದಿಲ್ಲ.

ಕಸದ ಹೊಗೆಯ ಕತೆಯೂ ಇದೇ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಆಜ್ಞೆ ಮಾಡಿತು. ಸರಿ. ಗುಡಿಸಿದ ಎಲೆ, ಪ್ಲಾಸ್ಟಿಕ್ಕು ಒಯ್ಯಲು ಗಾಡಿ ಬರದಿದ್ದರೆ, ರಸ್ತೆ ಮಾತ್ರ ಏಳು ಗಂಟೆಯೊಳಗೆ ಸ್ವಚ್ಛವಿರಬೇಕೆಂದು ಮೇಸ್ತ್ರಿ ಕೂಗಿದರೆ, ಪೌರಕಾರ್ಮಿಕ ಹೆಣ್ಣುಮಗಳು ಏನು ಮಾಡಬೇಕು? ಮೂಲೆಗೆ ಗುಡ್ಡೆ ಹಾಕಿ ಕಡ್ಡಿ ಗೀರುತ್ತಾಳೆ. ಪ್ಲಾಸ್ಟಿಕ್ಕಿನ ಆ ಹೊಗೆಯ ಮೊದಲ ಉಸಿರು ಅವಳದೇ. ವಾಕಿಂಗಿಗೆ ಬಂದ ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು, "ಏ ಯವ್ವಾ, ಸುಡಬ್ಯಾಡ, ಕೇಸ್ ಹಾಕ್ತಾರ" ಎಂದು ಹೇಳಿ ಮುಂದೆ ಹೋಗುತ್ತಾರೆ. ಗಾಡಿ ಯಾಕೆ ಬರಲಿಲ್ಲ ಎಂದು ನಗರಸಭೆಗೆ ಒಂದು ಅರ್ಜಿ ಬರೆದುಕೊಡಲು ಅವರಿಗೆ ಪುರುಸೊತ್ತಿಲ್ಲ.

ಗಾಳಿಯನ್ನು ಅಳೆಯುವ ಬಗೆಯನ್ನೂ ನೋಡಿ. ಹೊಗೆಯ ಅತಿ ಸಣ್ಣ ಕಣಗಳು ತಲೆಗೂದಲಿನ ದಪ್ಪದಲ್ಲಿ ಇಪ್ಪತ್ತರಲ್ಲೊಂದು ಪಾಲು. ಪುಪ್ಪುಸಕ್ಕಿಳಿದು ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 15 ಮೈಕ್ರೊಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ಸರ್ಕಾರದ ಮಿತಿ 60. ಬಿಳಿಯನ ಎದೆಗಿಂತ ನಮ್ಮ ಎದೆ ನಾಲ್ಕು ಪಟ್ಟು ಗಟ್ಟಿಯೆಂದು ಇವರು ನಂಬಿದಂತಿದೆ. ಆ ಅರವತ್ತನ್ನಾದರೂ ಅಳೆಯುವ ಯಂತ್ರ ಇರುವುದು ಬೀದರದ ನೌಬಾದಿನಲ್ಲಿ. ಅಲ್ಲಿಂದ ನಲವತ್ತು ಕಿಲೋಮೀಟರ್ ದೂರದ ಔರಾದಿಗೆ ಯಂತ್ರವಿಲ್ಲ, ಭಾಲ್ಕಿಗೂ ಇಲ್ಲ. ಯಂತ್ರವಿಲ್ಲದ ಊರಲ್ಲಿ ಹೊಗೆಯೂ ಇಲ್ಲವೆಂದು ಕಾಗದದಲ್ಲಿ ಬರೆದುಕೊಳ್ಳಬಹುದು.

ಇನ್ನು ನಮ್ಮ ಗುಡಿಸಲೊಳಗಿನ ಹೊಗೆ. ತಗಡಿನ ಮನೆ, ಒಂದೇ ಕೋಣೆ, ಮೂಲೆಯಲ್ಲಿ ಒಲಿ, ಒಲಿಯಲ್ಲಿ ತೊಗರಿ ಕಟಗಿ. ಊದುಗೊಳವೆ ಹಿಡಿದು ಊದಿ ಊದಿ ನಮ್ಮ ಅವ್ವಂದಿರ ಕಣ್ಣು ಕೆಂಪಾಗಿ, ಎದೆ ಗೊರಗೊರ ಅನ್ನುತ್ತಲೇ ಅವರ ಆಯುಷ್ಯ ಮುಗಿಯಿತು. 2016ರಲ್ಲಿ ಉಜ್ವಲಾ ಯೋಜನೆ ಬಂತು, ಸಿಲಿಂಡರ್ ಮನೆಗೆ ಬಂತು, ಫೋಟೋ ಪತ್ರಿಕೆಗೆ ಬಂತು. ಎರಡನೆಯ ಸಲ ತುಂಬಿಸಲು ದುಡ್ಡಿಲ್ಲದ ಮನೆಗಳಲ್ಲಿ ಆ ಸಿಲಿಂಡರ್ ಮೂಲೆ ಹಿಡಿಯಿತು. ಈ ಹೊಗೆಗೆ ಯಾರೂ ಮಾಲಿನ್ಯ ಎನ್ನುವುದಿಲ್ಲ. ಹಳ್ಳಿಯ ಅಡಿಗೆಯ ರುಚಿ ಎನ್ನುತ್ತಾರೆ! ಅದೇ ಹೊಗೆ ಊರ ಬಂಗಲೆಯ ಕಿಟಕಿ ದಾಟಿದ ಮೇಲೆ ಮಾಲಿನ್ಯವೆಂಬ ದೊಡ್ಡ ಹೆಸರು ಪಡೆಯುತ್ತದೆ. ಮಾಲಿನ್ಯ, ಮೈಲಿಗೆ ಒಂದೇ ಬೇರಿನ ಮಾತುಗಳು. ಮುಟ್ಟಿದರೆ ಮೈಲಿಗೆ ಎಂದು ಸಾವಿರ ವರ್ಷ ನಮ್ಮನ್ನು ಊರ ಹೊರಗೆ ಇಟ್ಟವರು ಈಗ ಮಾಲಿನ್ಯಕ್ಕೂ ಅದೇ ಓಣಿಯ ಕಡೆ ಬೆರಳು ತೋರಿಸುತ್ತಿದ್ದಾರೆ.

ಬೀದರದ ಹೊರಗೂ ಇದೇ ಆಟ. ದಿಲ್ಲಿಗೆ ಹೊಗೆ ಕವಿದಾಗ ಬೈಗುಳ ಪಂಜಾಬಿನ ರೈತನಿಗೆ. ಅಂತರ್ಜಲ ಉಳಿಸಲೆಂದು 2009ರಲ್ಲಿ ಕಾನೂನು ಮಾಡಿ, ಜೂನ್ 10ಕ್ಕೆ ಮೊದಲು ಭತ್ತದ ನಾಟಿ ಮಾಡಬಾರದೆಂದವರು ಸರ್ಕಾರದವರೇ. ನಾಟಿ ತಡವಾದರೆ ಕೊಯ್ಲೂ ತಡ. ಗೋಧಿ ಬಿತ್ತಲು ಉಳಿಯುವುದು ಎರಡು ಮೂರು ವಾರ. ಕೂಳೆ ಸುಡದೆ ಅವನೇನು ತಿನ್ನಬೇಕೆ? 1997ರಲ್ಲಿ, ಮತ್ತೆ 2015ರಲ್ಲಿ ಇಂಡೋನೇಷ್ಯಾದ ಅಡವಿ ಉರಿದು ಸಿಂಗಪುರದವರೆಗೆ ಹೊಗೆ ಹಬ್ಬಿತು. ತಾಳೆ ಎಣ್ಣೆ, ಕಾಗದದ ಕಂಪನಿಗಳು ಜೌಗು ನೆಲದ ನೀರು ಬಸಿದು ಒಣಗಿಸಿದ್ದು ಹಿಂದಕ್ಕೆ ಸರಿದು, ತುಂಡು ನೆಲದ ಬಡವನ ಬೆಂಕಿಪೊಟ್ಟಣ ಮುಂದಕ್ಕೆ ಬಂತು. 2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನಿಂದ ನ್ಯೂಯಾರ್ಕಿನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದ್ದನ್ನು ಜಗತ್ತೇ ನೋಡಿತು. ಮನೆಯೊಳಗೆ ಇರಿ ಎಂದು ಅಲ್ಲಿಯೂ ಹೇಳಿದರು. ಮನೆಯೊಳಗಿದ್ದವರಿಗೆ ಊಟ ತಲುಪಿಸಿದ ಹುಡುಗ ಮಾತ್ರ ಹೊರಗಿದ್ದ.

ಬೆಂಕಿ ಹಚ್ಚಿದವರನ್ನು ಹುಡುಕುವುದರಲ್ಲಿ ಈ ವ್ಯವಸ್ಥೆಗೆ ಅಷ್ಟು ಆಸ್ಥೆಯಿದ್ದರೆ ನಮ್ಮದೊಂದು ಹಳೆಯ ಬಾಕಿಯಿದೆ. 2000ದ ಮಾರ್ಚ್ 11ರಂದು ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜೀವ ಸುಟ್ಟ ಬೆಂಕಿಯನ್ನು ಹಚ್ಚಿದವರು ಯಾರೆಂದು ಇವತ್ತಿಗೂ ಕಾನೂನಿಗೆ ಗೊತ್ತಿಲ್ಲ. ಹುಲ್ಲು ಸುಟ್ಟವರು ಯಾರೆಂದು ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ. ನಮ್ಮದೇ ಸೀಮೆಯಲ್ಲಿ, ಕಲಬುರ್ಗಿಯಲ್ಲಿ, 1968ರ ಏಪ್ರಿಲ್ 29ರಂದು ಭೀಮಸೇನೆ ಕಟ್ಟಿದ ಬಿ. ಶ್ಯಾಮಸುಂದರರ ಇಂಗ್ಲಿಷ್ ಪುಸ್ತಕ 1987ರಲ್ಲಿ ಬೆಂಗಳೂರಿನ ದಲಿತ ಸಾಹಿತ್ಯ ಅಕಾಡೆಮಿಯಿಂದ ಅಚ್ಚಾಯಿತು. ಅದರ ಹೆಸರು 'ದೇ ಬರ್ನ್'. ಉರಿಯುತ್ತಿರುವವರು ಎಂದರ್ಥ. ಉರಿಸುವವರು ಎಂದಲ್ಲ.

ಅಡವಿಯ ಬೆಂಕಿಯನ್ನು ಆರಿಸುವವರು ಯಾರು? ಅದನ್ನೂ ಕೇಳಿ. ಬೇಸಿಗೆಯ ನಾಲ್ಕು ತಿಂಗಳಿಗೆ ದಿನಗೂಲಿಯ ಮೇಲೆ ಹಿಡಿಯುವ ಬೆಂಕಿ ಕಾವಲುಗಾರರು ಅದೇ ಅಡವಿಯಂಚಿನ ಓಣಿ-ತಾಂಡಾಗಳ ಹುಡುಗರು. ಕೈಯಲ್ಲಿ ಹಸಿ ಸೊಪ್ಪಿನ ಟೊಂಗೆ, ಕಾಲಲ್ಲಿ ಹವಾಯಿ ಚಪ್ಪಲಿ, ಮುಖಕ್ಕೆ ಒದ್ದೆ ಟವೆಲು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ, ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಸುಟ್ಟು ಸತ್ತರು. ಅವರಿಗೆ ಇಲಾಖೆಯ ಬಟ್ಟೆಯಾದರೂ ಇತ್ತು. ದಿನಗೂಲಿಯವನು ಸತ್ತರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿತ್ತೋ ಇಲ್ಲವೋ ಎಂಬಲ್ಲಿಂದ ವಾದ ಶುರುವಾಗುತ್ತದೆ.

ಅಡವಿಯ ಮೇಲೆ ಹಕ್ಕು ಕೊಡುವ ಕಾನೂನು 2006ರಲ್ಲೇ ಆಗಿದೆ. ಮೇಯಿಸುವ ಹಕ್ಕು, ಕಿರು ಉತ್ಪನ್ನ ತರುವ ಹಕ್ಕು, ಅಷ್ಟೇ ಅಲ್ಲ, ಅಡವಿಯನ್ನು ಕಾಯುವ ಅಧಿಕಾರವನ್ನೂ ಅದು ಗ್ರಾಮಸಭೆಗೆ ಕೊಟ್ಟಿದೆ. ಆದರೆ ಪರಿಶಿಷ್ಟ ಪಂಗಡದವರಲ್ಲದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಅಡವಿಯನ್ನು ನಂಬಿ ಬಾಳಿದ್ದಕ್ಕೆ ಪುರಾವೆ ಕೊಡಬೇಕು. ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ಪಂಗಡವಲ್ಲ. ಲೆಕ್ಕ ಹಾಕಿ: 1930. ಆಗ ಬೀದರ ನಿಜಾಮನ ರಾಜ್ಯ, ಕಚೇರಿಯ ಕಾಗದ ಉರ್ದುವಿನಲ್ಲಿ. ಹೊಲೆಯನ ಹೆಸರಿಗೆ, ತಾಂಡಾದವನ ಹೆಸರಿಗೆ ಅಂದು ಯಾವ ತಹಶೀಲದಾರ ಕಾಗದ ಬರೆದಿಟ್ಟಿದ್ದ? ಮುದುಕರ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪಬೇಕೆಂದು ನಿಯಮದಲ್ಲೇ ಇದೆ. ಅದನ್ನು ಓದಿ ಹೇಳುವವರು ಬೇಕು.

ಹಳ್ಳಿಯ ಮಾಸ್ತರರಿಗೂ ಹಾಸ್ಟೆಲಿನ ಹುಡುಗರಿಗೂ ನಮ್ಮ ಮಾತಿರುವುದು ಇಲ್ಲಿ. ಯಂತ್ರ ಕೊಡುವವರೆಗೆ ಕಾಯಬೇಡಿ. ಶಾಲೆಯ ಗೋಡೆಗೆ ಒಂದು ಹಾಳೆ ಅಂಟಿಸಿ, ಹೊಗೆ ಬಂದ ತಾರೀಖು, ಹೊತ್ತು, ಯಾವ ದಿಕ್ಕಿನಿಂದ ಬಂತು, ಅಂದು ಎಷ್ಟು ಮಕ್ಕಳು ಕೆಮ್ಮಿಗೆ ಶಾಲೆ ತಪ್ಪಿಸಿದರು, ಇಷ್ಟನ್ನು ಮಕ್ಕಳ ಕೈಯಲ್ಲೇ ಬರೆಸಿ. ಮುದುಕರ ಹೇಳಿಕೆಗಳನ್ನು ಬರೆದು ಹೆಬ್ಬೆಟ್ಟು ಒತ್ತಿಸಿ ಇಡಿ.

ಜನವರಿ 26ಕ್ಕೆ ಗ್ರಾಮಸಭೆ ಕರೆದಾಗ ಊಟದ ಪೊಟ್ಟಣ ಇಸಕೊಂಡು ಮನೆಗೆ ಹೋಗಬ್ಯಾಡ್ರಿ. ಎದ್ದು ನಿಂತು ಕೇಳ್ರಿ. ಅಡವಿಯ ಸುತ್ತ ಬೆಂಕಿ ರೇಖೆ ಸವರಿದ್ದು ಎಷ್ಟು ದೂರ, ಯಾವ ತಾರೀಖಿಗೆ? ಕಾವಲಿಗೆ ಹಿಡಿದವರು ಯಾರು, ಕೂಲಿ ಎಷ್ಟು, ಅವರಿಗೆ ವಿಮೆ ಅದನೋ ಇಲ್ಲೋ? ನಮ್ಮ ಹಕ್ಕಿನ ಅರ್ಜಿಗಳು ಯಾವ ಟೇಬಲ್ ಮ್ಯಾಲ ಕುಂತಾವ? ಪಿಡಿಒ ಸಾಹೇಬ್ರು "ಆಯ್ತು, ಮ್ಯಾಲಿಂದ ಕೇಳಿ ಹೇಳ್ತೀನಿ" ಅಂತಾರೆ. ಹಾಗೆಂದದ್ದನ್ನೂ ನಡವಳಿ ಪುಸ್ತಕದಲ್ಲಿ ಬರೆಸ್ರಿ. ಬರೆಯುವ ತನಕ ಯಾರೂ ಸಹಿ ಹಾಕಬ್ಯಾಡ್ರಿ, ಹೆಬ್ಬೆಟ್ಟೂ ಒತ್ತಬ್ಯಾಡ್ರಿ.